ಮೂರನೇ ಪಾಸಿಗೇ ಚೆಂಡು ಹೋಗುವುದೇಕೆ?

ಕಾರವಾರದ ಮಾಲಾದೇವಿ ಮೈದಾನದಲ್ಲೋ ಅಂಕೋಲೆಯ ಜೈಹಿಂದ್ ಮೈದಾನದಲ್ಲೋ ಕಾಲೇಜು ಹುಡುಗರ ಫುಟ್‌ಬಾಲ್ ನೋಡಿದವರಿಗೆ ಈ ಧಾಟಿ ಗೊತ್ತು. ಬ್ಯಾಕ್ ಆಡುವವನು ಪಕ್ಕದವನಿಗೆ ಕೊಟ್ಟ. ಅವನು ನಡುವಿನವನಿಗೆ ಕೊಟ್ಟ. ಮೂರನೇ ಪಾಸ್ ನೆಟ್ಟಗೆ ಎದುರಾಳಿಯ ಕಾಲಿಗೆ. ಹತ್ತು ನಿಮಿಷ ಹೀಗೇ ಸಾಗಿದ ಮೇಲೆ ಬದಿಯಲ್ಲಿ ನಿಂತವರ ತಾಳ್ಮೆ ಮುಗಿಯುತ್ತದೆ. ‘ಎತ್ತಿ ಹೊಡಿಯೋ’ ಎಂಬ ಕೂಗು ಶುರುವಾಗುತ್ತದೆ. ಅಲ್ಲಿಂದ ಮುಂದೆ ಚೆಂಡು ಹೆಚ್ಚು ಹೊತ್ತು ಆಕಾಶದಲ್ಲೇ ಇರುತ್ತದೆ.

ನೀವು ಅಂಥ ತಂಡದ ಆಟಗಾರರಾಗಿರಬಹುದು, ನಾಯಕರಾಗಿರಬಹುದು, ತಂಡದ ಹೊಣೆ ಹೊತ್ತ ದೈಹಿಕ ಶಿಕ್ಷಣ ನಿರ್ದೇಶಕರಾಗಿರಬಹುದು. ‘ನಮ್ಮ ಹುಡುಗರಿಗೆ ಪಾಸ್ ಮಾಡಲು ಬರುವುದಿಲ್ಲ’ ಎಂದು ಒಮ್ಮೆಯಾದರೂ ಹೇಳಿರುತ್ತೀರಿ. ಅದೇ ಹುಡುಗರನ್ನು ಇಬ್ಬಿಬ್ಬರಾಗಿ ಎದುರುಬದುರು ನಿಲ್ಲಿಸಿ ನೋಡಿ. ಹತ್ತು ಮೀಟರ್ ದೂರಕ್ಕೆ ಚೆಂದವಾಗಿಯೇ ಕೊಡುತ್ತಾರೆ. ಕಾಲಿಗೆ ಬರುವ ವಿದ್ಯೆ ಆಟದಲ್ಲಿ ಕೈಕೊಡುತ್ತದೆ ಎಂದಾದರೆ ತೊಂದರೆ ಬೇರೆ ಕಡೆ ಇದೆ. ಹೆಚ್ಚಿನ ಪಾಸುಗಳು ಚೆಂಡನ್ನು ಒದೆಯುವ ಮೊದಲೇ ಕೆಟ್ಟಿರುತ್ತವೆ. ಅವನ್ನು ಕೆಡಿಸುವವರು ಆ ಹೊತ್ತಿನಲ್ಲಿ ಚೆಂಡು ಇಲ್ಲದವರು.

ಲೆಕ್ಕ ಮಾಡಿ ನೋಡಿ. 90 ನಿಮಿಷದ ಆಟವನ್ನು 22 ಜನಕ್ಕೆ ಸಮನಾಗಿ ಹಂಚಿದರೆ ತಲೆಗೆ ಬರುವುದು ನಾಲ್ಕು ನಿಮಿಷ. ಚೆಂಡು ಗೆರೆ ದಾಟಿ ಹೋಗುವ ಹೊತ್ತು, ಯಾರ ಕಾಲಿಗೂ ಸಿಗದೆ ಉರುಳುವ ಹೊತ್ತು ಕಳೆದರೆ ಅದಕ್ಕಿಂತಲೂ ಕಡಿಮೆ. ಉಳಿದ ಎಂಬತ್ತೈದಕ್ಕೂ ಹೆಚ್ಚು ನಿಮಿಷ ಆಟಗಾರ ಮಾಡುವ ಕೆಲಸಕ್ಕೆ ನಮ್ಮ ಅಭ್ಯಾಸದಲ್ಲಿ ಜಾಗವೇ ಇಲ್ಲ.

ಪಾಸ್ ಕೆಡುವುದು ಹೇಗೆ

ಮೊದಲು ವೇಗದ ವಿಚಾರ. ಹದಿನೈದು ಮೀಟರ್ ದೂರದ ಗೆಳೆಯನಿಗೆ ನೀವು ಸೆಕೆಂಡಿಗೆ ಸರಾಸರಿ ಆರು ಮೀಟರ್ ವೇಗದಲ್ಲಿ ಚೆಂಡು ಕೊಟ್ಟರೆ ಅದು ತಲುಪಲು ಎರಡೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಅದೇ ವೇಗದಲ್ಲಿ ಓಡುವ ಎದುರಾಳಿಯೂ ಹದಿನೈದು ಮೀಟರ್ ಓಡಿರುತ್ತಾನೆ. ಸೆಕೆಂಡಿಗೆ ಹನ್ನೆರಡು ಮೀಟರ್ ವೇಗದಲ್ಲಿ ಕೊಟ್ಟರೆ ಅವನಿಗೆ ಸಿಗುವುದು ಏಳೂವರೆ ಮೀಟರಿನಷ್ಟು ಕಾಲ ಮಾತ್ರ. ನಮ್ಮ ಕಡೆ ಎದುರಾಳಿ ಕಸಿದುಕೊಂಡ ಎನ್ನುವ ಪಾಸುಗಳಲ್ಲಿ ಬಹಳಷ್ಟು ನಿಧಾನಕ್ಕೆ ಕೊಟ್ಟವು. ದಾರಿ ಸರಿಯಿತ್ತು, ಜೋರು ಇರಲಿಲ್ಲ.

ಎರಡನೆಯದು ಸರಪಳಿ. ತಂಡದ ಹತ್ತು ಪಾಸುಗಳಲ್ಲಿ ಏಳು ಸರಿಯಾಗುತ್ತವೆ ಎಂದಿಟ್ಟುಕೊಳ್ಳಿ. ಸಾಲಾಗಿ ಐದು ಪಾಸ್ ಕೂಡಿಬರುವ ಸಂಭವ ಆರರಲ್ಲಿ ಒಂದು. ಹತ್ತಕ್ಕೆ ಎಂಟಾದರೆ ಮೂರರಲ್ಲಿ ಒಂದು. ಹತ್ತಕ್ಕೆ ಒಂಬತ್ತು ಆಗಿಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಸಲ ಐದು ಪಾಸುಗಳೂ ಕೂಡುತ್ತವೆ. ಆದ್ದರಿಂದ ತಂಡವನ್ನೇ ಬದಲಿಸುವ ಅಗತ್ಯ ಇಲ್ಲ. ಹತ್ತರಲ್ಲಿ ಒಂದು ತಪ್ಪನ್ನು ತಪ್ಪಿಸಿದರೆ ಆಟ ಬೇರೆಯದೇ ಆಗಿ ಕಾಣುತ್ತದೆ.

ಮೂರನೆಯದು ನಮ್ಮ ನೆಲ. ಹೊರಗಿನ ಕೋಚಿಂಗ್ ಪುಸ್ತಕಗಳಲ್ಲಿ ಇದು ಇರುವುದಿಲ್ಲ. ಹಾರವಾಡ, ಬೇಲೆಕೇರಿ, ಬಿಣಗಾದಂಥ ಊರಿನ ಹುಡುಗರು ಮೊದಲು ಚೆಂಡು ಒದ್ದದ್ದು ಸಮುದ್ರ ದಂಡೆಯಲ್ಲಿ. ಒಣ ಮರಳಿನಲ್ಲಿ ಚೆಂಡು ಉರುಳುವುದಿಲ್ಲ, ಹೂತು ನಿಲ್ಲುತ್ತದೆ. ಹಾಗಾಗಿ ಚೆಂಡನ್ನು ಕಾಲಿಗೇ ಅಂಟಿಸಿಕೊಂಡು ಓಡುವುದು ಅಥವಾ ಅಡಿಯಿಂದ ಎತ್ತಿ ಹಾಕುವುದು ಅಭ್ಯಾಸವಾಗುತ್ತದೆ. ಇಳಿತದ ಹೊತ್ತಿನ ಒದ್ದೆ ಮರಳು ಗಟ್ಟಿ, ಅಲ್ಲಿ ಚೆಂಡು ಉರುಳುತ್ತದೆ. ಆದರೆ ದಂಡೆ ನೀರಿನ ಕಡೆಗೆ ಇಳಿಜಾರು. ನೇರ ಕೊಟ್ಟದ್ದು ಸಮುದ್ರದತ್ತ ವಾಲುತ್ತದೆ. ಹುಡುಗರು ಗೊತ್ತಿಲ್ಲದೆಯೇ ಅದನ್ನು ಸರಿದೂಗಿಸಿ ಒದೆಯಲು ಕಲಿಯುತ್ತಾರೆ. ಅಲೆಗೆ ಚೆಂಡು ಹೋಗುತ್ತದೆಂದು ಒಂದು ಬದಿಯನ್ನು ಬಿಟ್ಟು ಎಲ್ಲರೂ ಮೇಲಿನ ಬದಿಗೆ ಗುಂಪುಗೂಡುತ್ತಾರೆ. ಹಾರವಾಡದ ತರಂಗಮೇಟದಂಥ ಕಡೆ ಕಡಲ್ಕೊರೆತದಿಂದ ದಂಡೆಯೇ ಕಿರಿದಾಗಿದೆ. ಇರುವ ಜಾಗದಲ್ಲಿ ಐದಾರು ಜನ ಆಡಿದ್ದೇ ಆಟ.

ಆ ಹುಡುಗ ಕಾಲೇಜಿಗೆ ಬಂದಾಗ ಎದುರಾಗುವುದು ಕೆಂಪುಮಣ್ಣು, ಹರಳುಕಲ್ಲು, ಅಲ್ಲಲ್ಲಿ ಹುಲ್ಲು. ಇಲ್ಲಿ ಚೆಂಡು ಪುಟಿಯುತ್ತದೆ, ಜಾರುತ್ತದೆ, ಹರಳಿಗೆ ತಾಗಿ ದಿಕ್ಕು ಬದಲಿಸುತ್ತದೆ. ಬರಿಗಾಲಿನ ಅಭ್ಯಾಸದವನಿಗೆ ಬೂಟು ಬೇರೆ ಹೊಸತು. ಮೈದಾನ ನೂರು ಮೀಟರ್ ಉದ್ದ. ದಂಡೆಯಲ್ಲಿ ಕಲಿತ ಗುಂಪುಗೂಡುವ ಚಾಳಿ ಇಲ್ಲಿಯೂ ಮುಂದುವರಿದರೆ, ಚೆಂಡು ಹಿಡಿದವನ ಸುತ್ತ ನಾಲ್ವರು ಗೆಳೆಯರು, ಅವರ ಬೆನ್ನಿಗೆ ನಾಲ್ವರು ಎದುರಾಳಿಗಳು. ಎಷ್ಟೇ ಒಳ್ಳೆಯ ಆಟಗಾರನೂ ಆ ಸಂತೆಯೊಳಗೆ ಪಾಸ್ ಮಾಡಲಾರ.

ಹಾಗೆಂದು ದಂಡೆಯ ಆಟವನ್ನು ಹೀಗಳೆಯಬೇಡಿ. ಅಲ್ಲಿ ಬೆಳೆದವನಿಗೆ ಪಾದದ ಬಲ, ತೋಲ, ಇಕ್ಕಟ್ಟಿನಲ್ಲಿ ಚೆಂಡು ಉಳಿಸಿಕೊಳ್ಳುವ ಚಾಕಚಕ್ಯತೆ ಇರುತ್ತದೆ. ಇಲ್ಲದಿರುವುದು ನೆಲದ ಮೇಲಿನ ಪಾಸಿನ ಅಂದಾಜು ಮತ್ತು ಹರಡಿ ನಿಲ್ಲುವ ರೂಢಿ. ಎರಡನ್ನೂ ಕಲಿಸಬಹುದು.

ಸ್ವಲ್ಪ ಇತಿಹಾಸ

ಫುಟ್‌ಬಾಲ್ ಹುಟ್ಟಿದಾಗ ಪಾಸ್ ದೊಡ್ಡ ಸಂಗತಿ ಆಗಿರಲಿಲ್ಲ. ಒಬ್ಬ ಚೆಂಡು ಹಿಡಿದು ನುಗ್ಗುತ್ತಿದ್ದ, ಉಳಿದವರು ಅವನ ಹಿಂದೆ ಓಡುತ್ತಿದ್ದರು. 1872ರಲ್ಲಿ ಗ್ಲಾಸ್ಗೋದಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಪಂದ್ಯ 0–0 ಆಯಿತು. ದೈಹಿಕವಾಗಿ ಭಾರವಿದ್ದ ಇಂಗ್ಲೆಂಡನ್ನು ಸ್ಕಾಟ್ಲೆಂಡ್ ತಡೆದು ನಿಲ್ಲಿಸಿತು. ಮುಂದಿನ ವರ್ಷಗಳಲ್ಲಿ ಚೆಂಡು ಹಂಚಿ ಆಡುವ ಆಟಕ್ಕೆ ಸ್ಕಾಟರು ಹೆಸರಾದರು. ನಮಗೆ ಹೆಚ್ಚು ಬೇಕಾದದ್ದು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರ ಕತೆ. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನ, ಎಲ್ಲವೂ ಅವರು ಕೋಚ್ ಆಗಿದ್ದಾಗ ಬಂದವು. ವೃತ್ತಿಯಲ್ಲಿ ಅವರು ಶಿಕ್ಷಕರು. ಡ್ರಿಬ್ಲಿಂಗ್ ಮಾಡಲೇಬಾರದು ಎಂಬ ನಿಯಮದ ಟೂರ್ನಿಗಳನ್ನು, ಬಲವಿಲ್ಲದ ಕಾಲಿನಿಂದ ಮಾತ್ರ ಆಡಬೇಕಾದ ಟೂರ್ನಿಗಳನ್ನು ಅವರು ನಡೆಸಿದ್ದರು. ಖರ್ಚಿಲ್ಲದ ಉಪಾಯ. ಅದನ್ನು ಕೆಳಗೆ ಬಳಸಿಕೊಳ್ಳುತ್ತೇವೆ.

ಮೊದಲು ರೋಗ ಯಾವುದೆಂದು ನೋಡಿ

ಔಷಧಿಗೆ ಮೊದಲು ಒಂದು ಪಂದ್ಯವನ್ನು ಮೊಬೈಲಿನಲ್ಲಿ ಚಿತ್ರಿಸಿ. ನೆಲಮಟ್ಟದಿಂದ ತೆಗೆದರೆ ಏನೂ ತಿಳಿಯದು. ಕಟ್ಟೆಯ ಮೇಲಿಂದಲೋ ಹತ್ತಿರದ ಮಹಡಿಯಿಂದಲೋ ತೆಗೆಯಿರಿ. ಚೆಂಡಿನ ಹಿಂದೆ ಕ್ಯಾಮೆರಾ ಓಡಿಸದೆ ಸಾಧ್ಯವಾದಷ್ಟು ಮೈದಾನ ಒಟ್ಟಿಗೆ ಕಾಣುವಂತೆ ಇಡಿ. ಆಮೇಲೆ ಕಳೆದುಕೊಂಡ ಪ್ರತಿ ಪಾಸಿಗೂ ನೋಟ್‌ಬುಕ್ಕಿನಲ್ಲಿ ಒಂದು ಅಕ್ಷರ ಬರೆಯಿರಿ.

ದಾರಿ ಸರಿಯಿದ್ದು ಕಾಲು ತಪ್ಪಿದ್ದರೆ ‘ಕಾ’. ಚೆಂಡು ಸರಿಯಾಗಿ ಬಂದರೂ ಪಡೆದವನು ನಿಲ್ಲಿಸಲಾಗದೆ ಕಳೆದುಕೊಂಡರೆ ‘ನಿ’. ಕೊಡಲು ಯಾರೂ ಸಿಗುವ ಜಾಗದಲ್ಲಿ ಇಲ್ಲದೆ ಸುಮ್ಮನೆ ಒದ್ದಿದ್ದರೆ ‘ಜಾ’. ಗೆಳೆಯ ಖಾಲಿ ಇದ್ದೂ ಕಾಣದೆ ಬೇರೆ ಕಡೆ ಕೊಟ್ಟಿದ್ದರೆ ‘ಕ’. ತಂಡದವರೆಲ್ಲ ಒಟ್ಟಿಗೆ ಕುಳಿತು ಮೊದಲಾರ್ಧಕ್ಕಷ್ಟೇ ಮಾಡಿದರೂ ಸಾಕು. ‘ಕಾ’ ಹೆಚ್ಚಿದ್ದರೆ ಕೆಳಗಿನ ನಾಲ್ಕನೇ ಅಂಶದಿಂದ ಹೊರಡಿ. ‘ನಿ’ ಹೆಚ್ಚಿದ್ದರೆ ಮೂರನೆಯದರಿಂದ. ‘ಜಾ’ ಮತ್ತು ‘ಕ’ ಸೇರಿ ಅರ್ಧ ದಾಟಿದ್ದರೆ, ನನ್ನ ಊಹೆ ಹಾಗೆಯೇ, ಒಂದನೇ ಅಂಶದಿಂದ. ಯಾರ ಹೆಸರನ್ನೂ ಬರೆಯಬೇಡಿ. ಹೆಸರು ಬಿದ್ದ ಕೂಡಲೇ ಅದು ಪಂಚಾಯಿತಿಕಟ್ಟೆ ಆಗುತ್ತದೆ.

ಮಾಡಬೇಕಾದ್ದು

1. ಚೆಂಡು ಹಿಡಿದವನಿಗೆ ಯಾವಾಗಲೂ ಮೂರು ದಾರಿ. ಎಡಕ್ಕೊಬ್ಬ, ಬಲಕ್ಕೊಬ್ಬ, ಮುಂದೆಯೋ ಹಿಂದೆಯೋ ಇನ್ನೊಬ್ಬ, ಹತ್ತರಿಂದ ಹದಿನೈದು ಮೀಟರ್ ಅಂತರದಲ್ಲಿ. ಅದಕ್ಕಿಂತ ಹತ್ತಿರ ಬಂದರೆ ನಿಮ್ಮ ಜೊತೆ ನಿಮ್ಮ ಎದುರಾಳಿಯನ್ನೂ ಕರೆತಂದಂತೆ. ತುಂಬ ದೂರ ಹೋದರೆ ಪಾಸ್ ಗಾಳಿಯಲ್ಲಿ ಬರಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಎದುರಾಳಿಯ ಬೆನ್ನ ಹಿಂದೆ ಅಡಗಿ ನಿಂತು ‘ಕೊಡೋ, ಕೊಡೋ’ ಎನ್ನಬಾರದು. ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಚೆಂಡು ಹಿಡಿದವನ ಬೂಟು ನಿಮಗೆ ಕಾಣುತ್ತಿದೆಯೇ? ಕಾಣದಿದ್ದರೆ ಅವನ ಪಾಲಿಗೆ ನೀವು ಮೈದಾನದಲ್ಲೇ ಇಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ದೊಡ್ಡ ಓಟ ಬೇಡ. ಬಹಳ ಸಲ ಆ ಎರಡು ಹೆಜ್ಜೆಯಿಂದಲೇ ದಾರಿ ತೆರೆಯುತ್ತದೆ.

ಅಭ್ಯಾಸದ ನಡುವೆ ಸೀಟಿ ಊದಿ ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿ. ಚೆಂಡು ಹಿಡಿದವನು ತನಗೆ ಕೊಡಲು ಸಾಧ್ಯವಿರುವವರನ್ನು ಬೆರಳು ಮಾಡಿ ತೋರಿಸಲಿ. ಮೂರು ಬೆರಳು ಬಾರದಿದ್ದರೆ ಉಳಿದವರು ಸರಿದುಕೊಳ್ಳಲಿ, ಆಮೇಲೆ ಆಟ ಮುಂದುವರಿಯಲಿ. ಮೊದಲ ವಾರ ಇದು ಕಿರಿಕಿರಿ ಎನಿಸುತ್ತದೆ. ಆದರೂ ಬಿಡಬೇಡಿ, ಈ ಲೇಖನದಲ್ಲಿ ಒಂದನ್ನೇ ಮಾಡುವಷ್ಟು ಪುರುಸೊತ್ತಿದ್ದರೆ ಇದನ್ನು ಮಾಡಿ.

2. ಚೆಂಡು ಬರುವ ಮೊದಲು ತಲೆ ತಿರುಗಿಸಿ. ನಾರ್ವೆಯ ಸಂಶೋಧಕ ಗೈರ್ ಯೊರ್ಡೆಟ್ ಇಂಗ್ಲಿಷ್ ಪ್ರೀಮಿಯರ್ ಲೀಗ್ ಆಟಗಾರರ ಮುಖಗಳನ್ನೇ ಚಿತ್ರಿಸಿ ಅಧ್ಯಯನ ಮಾಡಿದರು. ಚೆಂಡು ಬರುವ ಮುನ್ನ ಹೆಚ್ಚು ಸಲ ಹೆಗಲ ಹಿಂದೆ ನೋಡುವವರ ಪಾಸ್ ಹೆಚ್ಚು ಸರಿಯಾಗುತ್ತದೆ ಎಂದು ಅವರಿಗೆ ಕಂಡಿತು. ಕಾರಣ ಸರಳ: ಚೆಂಡು ಕಾಲಿಗೆ ಬಂದ ಮೇಲೆ ನೋಡಲು ಹೊರಟರೆ ಆ ಒಂದು ಸೆಕೆಂಡಿನಲ್ಲೇ ಎದುರಾಳಿ ಮೈಮೇಲೆ ಬಂದಿರುತ್ತಾನೆ. ನೋಡಲು ಒಳ್ಳೆಯ ಹೊತ್ತು ಚೆಂಡು ಇಬ್ಬರು ಗೆಳೆಯರ ನಡುವೆ ಉರುಳುತ್ತಿರುವಾಗ. ಆಗ ಅದು ಎಲ್ಲಿಗೆ ಹೋಗುತ್ತದೆಂದು ಗೊತ್ತೇ ಇರುತ್ತದೆ, ನೋಡುತ್ತಾ ನಿಂತು ಲಾಭವಿಲ್ಲ.

ಕಲಿಸುವ ಬಗೆ: ಮೂವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ. ನಡುವಿನವನಿಗೆ ಒಂದು ತುದಿಯಿಂದ ಪಾಸ್ ಬರುತ್ತದೆ. ಅವನ ಬೆನ್ನ ಹಿಂದಿನವನು ಅದೇ ಹೊತ್ತಿಗೆ ಬೆರಳುಗಳನ್ನು ಎತ್ತಿ ಹಿಡಿಯುತ್ತಾನೆ. ನಡುವಿನವನು ಹಿಂತಿರುಗಿ ನೋಡಿ ಎಷ್ಟು ಬೆರಳೆಂದು ಕೂಗಿ ಹೇಳಿದ ಮೇಲೆಯೇ ಚೆಂಡು ಮುಟ್ಟಬೇಕು.

3. ಓರೆಯಾಗಿ ನಿಂತು ದೂರದ ಕಾಲಿನಿಂದ ಪಡೆಯಿರಿ. ಚೆಂಡು ಬರುವ ದಿಕ್ಕಿಗೆ ಎದೆಕೊಟ್ಟು ನೇರ ನಿಂತವನಿಗೆ ಬಂದ ಕಡೆಗೇ ಹಿಂದೆ ಕೊಡುವುದನ್ನು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಅರ್ಧ ತಿರುಗಿ ನಿಂತರೆ ಬಂದ ದಿಕ್ಕೂ ಹೋಗಬೇಕಾದ ದಿಕ್ಕೂ ಎರಡೂ ಕಣ್ಣಿಗೆ ಬೀಳುತ್ತವೆ. ಎಡಗಡೆಯಿಂದ ಬಂದ ಚೆಂಡನ್ನು ಬಲಗಾಲಿನ ತನಕ ಬರಲು ಬಿಟ್ಟರೆ ಮೈ ತಾನಾಗಿಯೇ ಮುಂದಕ್ಕೆ ತಿರುಗಿರುತ್ತದೆ. ನಮ್ಮ ಹುಡುಗರು ಹರಳುನೆಲದ ಭಯಕ್ಕೆ ಅಂಗಾಲಿನಿಂದ ತುಳಿದು ಚೆಂಡು ನಿಲ್ಲಿಸುತ್ತಾರೆ. ಕ್ಷೇಮವೇನೋ ಹೌದು. ಆದರೆ ಚೆಂಡು ಸತ್ತು ನಿಲ್ಲುತ್ತದೆ, ಮತ್ತೊಮ್ಮೆ ಅದನ್ನು ಸರಿಸಿಕೊಂಡೇ ಒದೆಯಬೇಕು. ಒಂದು ಟಚ್ ಹೆಚ್ಚು ಖರ್ಚು. ಮೊದಲ ಟಚ್ಚಿನಲ್ಲೇ ಚೆಂಡನ್ನು ಅರ್ಧ ಮೀಟರ್ ಮುಂದಕ್ಕೆ, ಎದುರಾಳಿಯಿಂದ ದೂರದ ಕಡೆಗೆ ತಳ್ಳುವುದನ್ನು ರೂಢಿಸಿ.

4. ಪಾಸನ್ನು ಗಟ್ಟಿಯಾಗಿ ಕೊಡಿ. ಊರುಗಾಲು ಚೆಂಡಿನ ಪಕ್ಕದಲ್ಲಿ, ಅದರ ಬೆರಳು ಗೆಳೆಯನ ಕಡೆಗೆ. ಒದೆಯುವ ಪಾದ ಹೊರಕ್ಕೆ ತಿರುಗಿ, ಗಿಣ್ಣು ಬಿಗಿಯಾಗಿರಲಿ. ಪಾದದ ಒಳಬದಿ ಚೆಂಡಿನ ನಡುವಿಗೆ ತಾಗಬೇಕು. ಅಡಿಗೆ ತಾಗಿದರೆ ಮೇಲೇಳುತ್ತದೆ. ಮರಳಿನಲ್ಲಿ ಬೆಳೆದವರ ತಪ್ಪು ಇಲ್ಲೇ ಇರುತ್ತದೆ, ಪಾದ ತಾನಾಗಿಯೇ ಅಡಿಗೆ ಹೋಗುತ್ತದೆ. ಒದ್ದ ಮೇಲೆ ಕಾಲು ಗುರಿಯ ಕಡೆಗೇ ಮುಂದುವರಿಯಲಿ. ಗೆಳೆಯನ ಯಾವ ಕಾಲಿಗೆ ಕೊಡಬೇಕೆಂಬುದೂ ಲೆಕ್ಕವೇ. ಎದುರಾಳಿ ಅವನ ಎಡಕ್ಕಿದ್ದರೆ ಬಲಗಾಲಿಗೆ ಕೊಡಿ. ಪಾಸ್ ತಾನೇ ಒಂದು ಸುದ್ದಿ ಹೇಳಬೇಕು: ತಿರುಗು ಎಂದೋ, ಹಿಂದಕ್ಕೆ ಕೊಡು ಎಂದೋ.

5. ಕೊಟ್ಟು ನಿಲ್ಲಬೇಡಿ. ಪಾಸ್ ಕೊಟ್ಟವನು ಅದು ತಲುಪಿತೇ ಎಂದು ನೋಡುತ್ತ ನಿಂತರೆ ಅವನನ್ನು ಕಾಯುತ್ತಿದ್ದ ಎದುರಾಳಿಗೆ ಬಿಡುವು ಸಿಗುತ್ತದೆ. ಐದು ಹೆಜ್ಜೆ, ಯಾವ ದಿಕ್ಕಿಗಾದರೂ ಸರಿ, ಹೊಸ ಜಾಗಕ್ಕೆ ಹೋಗಿ.

6. ಕೂಗಿಗೆ ಮೂರೇ ಪದ. ನಮ್ಮ ಮೈದಾನದಲ್ಲಿ ಕನ್ನಡವೂ ಕೊಂಕಣಿಯೂ ಒಟ್ಟಿಗೆ ಹಾರಾಡುತ್ತವೆ. ‘ಕೊಡೋ’ ಎನ್ನುವವನೊಬ್ಬ, ‘ದೀ ರೇ’ ಎನ್ನುವವನೊಬ್ಬ. ಎರಡರಿಂದಲೂ ಚೆಂಡು ಹಿಡಿದವನಿಗೆ ಏನೂ ಉಪಯೋಗವಿಲ್ಲ. ನಿಮಗೆ ಚೆಂಡು ಬೇಕೆಂಬುದು ಅವನಿಗೆ ಮೊದಲೇ ಗೊತ್ತು. ಅವನಿಗೆ ಬೇಕಾದದ್ದು ಅವನಿಗೆ ಕಾಣದ ಸುದ್ದಿ. ಬೆನ್ನಿಗೆ ಎದುರಾಳಿ ಬಂದರೆ ‘ಮ್ಯಾನ್’. ಹಿಂದೆ ಯಾರೂ ಇಲ್ಲದಿದ್ದರೆ ‘ಟರ್ನ್’. ಹಿಂದಕ್ಕೆ ಕೊಡುವುದೇ ಕ್ಷೇಮವಾದರೆ ‘ಬ್ಯಾಕ್’. ಪದ ಯಾವ ಭಾಷೆಯದಾದರೂ ಇರಲಿ, ಹನ್ನೊಂದು ಜನಕ್ಕೂ ಒಂದೇ ಇರಲಿ.

7. ವೃತ್ತದಾಟ. ಎಂಟು ಮೀಟರ್ ಚೌಕದಲ್ಲಿ ನಾಲ್ವರು ಹೊರಗೆ, ಒಬ್ಬ ಒಳಗೆ. ಇದು ರೂಢಿಯಾದ ಮೇಲೆ ಹತ್ತು ಮೀಟರ್ ಚೌಕದಲ್ಲಿ ಐವರ ವಿರುದ್ಧ ಇಬ್ಬರು. ಬಾರ್ಸಿಲೋನಾದಂಥ ಕ್ಲಬ್ಬುಗಳಲ್ಲಿ ರಾಂಡೋ ಎಂಬ ಹೆಸರಿನಲ್ಲಿ ದಿನವೂ ಆಡುವ ಆಟ ಇದೇ. ಮೇಲಿನ ಆರೂ ಅಂಶಗಳು ಇದರಲ್ಲಿ ಒಟ್ಟಿಗೆ ಬರುತ್ತವೆ. ಆದರೆ ನಗುತ್ತ ಕಾಲ ಕಳೆಯುವ ಆಟವಾಗಿ ಕೆಡುವುದೂ ಬೇಗ. ಒಳಗಿನವನು ನಿಜವಾಗಿ ಓಡಬೇಕು, ಎರಡೇ ಟಚ್ ಎಂಬ ನಿಯಮ ಇರಬೇಕು, ಕೆಟ್ಟ ಪಾಸಿಗೆ ಕೊಟ್ಟವನೇ ಒಳಗೆ ಹೋಗಬೇಕು. ನಿಲ್ಲಿಸಲು ಸೋತವನೂ ಸರದಿಗೆ ಬರಲಿ.

8. ರಹೀಮರ ಪಂದ್ಯ. ಅಭ್ಯಾಸದ ಕೊನೆಗೆ ಏಳು ಏಳು ಮಂದಿಯ ಪಂದ್ಯ. ಡ್ರಿಬ್ಲಿಂಗ್ ಇಲ್ಲ, ನಿಲ್ಲಿಸು, ಕೊಡು, ಅಷ್ಟೇ. ವಾರಕ್ಕೊಮ್ಮೆ ಬಲವಿಲ್ಲದ ಕಾಲಿನಿಂದ ಮಾತ್ರ ಆಡುವ ಹತ್ತು ನಿಮಿಷ ಸೇರಿಸಿ. ಆ ದಿನ ಎಲ್ಲರೂ ಕೆಟ್ಟದಾಗಿ ಆಡುತ್ತಾರೆ, ತಂಡದ ದೊಡ್ಡ ಆಟಗಾರನಂತೂ ಎಲ್ಲರಿಗಿಂತ ಕೆಟ್ಟದಾಗಿ. ಅದರಿಂದ ತಂಡದ ವಾತಾವರಣಕ್ಕೂ ಒಳ್ಳೆಯದೇ ಆಗುತ್ತದೆ.

9. ಗೋಲ್‌ಕಿಕ್ಕಿನಿಂದಲೇ ಶುರುಮಾಡಿ. 2019ರಿಂದ ಗೋಲ್‌ಕಿಕ್ ಒದ್ದು ಚೆಂಡು ಅಲುಗಿದ ಕೂಡಲೇ ಆಟ ಶುರುವಾದಂತೆ. ಪೆನಾಲ್ಟಿ ಜಾಗದೊಳಗೇ ನಿಮ್ಮ ಬ್ಯಾಕ್ ಆಟಗಾರ ಅದನ್ನು ಪಡೆಯಬಹುದು. ಎದುರಾಳಿ ಆ ತನಕ ಹೊರಗೇ ಇರಬೇಕು. ಈ ರಿಯಾಯಿತಿ ಬಳಸದೆ ಪ್ರತಿ ಸಲ ನಡುಗೆರೆಗೆ ಒದೆಯುವ ತಂಡಗಳೇ ಹೆಚ್ಚು. ಎಚ್ಚರವೂ ಇರಲಿ: ಗೆಳೆಯ ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟದ್ದನ್ನು ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ, 1992ರಿಂದ ಇರುವ ನಿಯಮ ಅದು. ಅಂದರೆ ಕೀಪರನಿಗೂ ಪಾಸ್ ಕಲಿಸಬೇಕು. ವೃತ್ತದಾಟದಲ್ಲಿ ಅವನನ್ನೂ ಸೇರಿಸಿ.

ಬಸ್ಸಿಗೆ ಮೊದಲಿನ ನಲವತ್ತು ನಿಮಿಷ

ನಮ್ಮ ಕಾಲೇಜುಗಳಲ್ಲಿ ಕೋಚ್ ಇಲ್ಲದಿರುವುದಕ್ಕಿಂತ ದೊಡ್ಡ ಅಡ್ಡಿ ಸಮಯ. ಹಾರವಾಡ, ಅವರ್ಸಾ, ಅಮದಳ್ಳಿ ಕಡೆಯವರು ಬಸ್ಸೋ ಪ್ಯಾಸೆಂಜರ್ ರೈಲೋ ಹಿಡಿಯಬೇಕು. ಮೈದಾನದಲ್ಲಿ ಕ್ರಿಕೆಟಿನವರು, ವಾಲಿಬಾಲಿನವರು ತಮ್ಮ ಸರದಿಗೆ ಕಾಯುತ್ತಿರುತ್ತಾರೆ. ಹಾಗಾಗಿ ಸುತ್ತು ಓಡುವುದಕ್ಕೆ ಇಪ್ಪತ್ತು ನಿಮಿಷ ಕೊಡುವ ಐಷಾರಾಮ ನಮಗಿಲ್ಲ. ಐದು ನಿಮಿಷ ಚೆಂಡಿನೊಂದಿಗೇ ಮೈ ಬಿಸಿಮಾಡಿ. ಐದು ನಿಮಿಷ ಬೆರಳೆಣಿಕೆಯ ಪಾಸ್. ಹನ್ನೆರಡು ನಿಮಿಷ ವೃತ್ತದಾಟ. ಉಳಿದ ಹದಿನೆಂಟು ನಿಮಿಷ ರಹೀಮರ ಪಂದ್ಯ, ನಡುವೆ ಮೂರ್ನಾಲ್ಕು ಸಲ ‘ನಿಂತಲ್ಲೇ ನಿಲ್ಲಿ’ ಸೀಟಿ. ವಾರಕ್ಕೆ ಮೂರು ದಿನ ಇಷ್ಟು ನಡೆದರೂ ಟೂರ್ನಿಗೆ ಮುಂಚಿನ ಒಂದು ವಾರ ಬೆಳಿಗ್ಗೆ ಸಂಜೆ ಮೈ ಮುರಿಯುವುದಕ್ಕಿಂತ ಮೇಲು.

ಮೀನುಗಾರರ ಮನೆಯ ಹುಡುಗರಿರುವ ತಂಡಕ್ಕೆ ಇನ್ನೊಂದು ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ಹುಡುಗರು ಬಿಡುವಾಗಿರುತ್ತಾರೆ. ಮೈದಾನವೋ ಕೆರೆಯಾಗಿರುತ್ತದೆ. ಆಗಸ್ಟಿನಲ್ಲಿ ದೋಣಿಗಳು ಹೊರಟಾಗ ಕೆಲವರು ಅಪ್ಪ, ಅಣ್ಣನ ಜೊತೆ ಕೈಜೋಡಿಸಬೇಕಾಗುತ್ತದೆ, ಹಾಜರಿ ತೆಳುವಾಗುತ್ತದೆ. ಆದ್ದರಿಂದ ಜೂನ್, ಜುಲೈನಲ್ಲಿ ಶಾಲೆಯ ಸಭಾಭವನವೋ ಶೆಡ್ಡೋ ಸಿಕ್ಕರೆ ಅಲ್ಲೇ ವೃತ್ತದಾಟ, ಬೆರಳೆಣಿಕೆ ಮುಗಿಸಿಬಿಡಿ. ಎರಡಕ್ಕೂ ಹತ್ತು ಮೀಟರ್ ಚೌಕ ಸಾಕು.

ಸಾಮಾನ್ಯ ತಪ್ಪುಗಳು

ಎದುರುಬದುರು ನಿಂತು ಪಾಸ್ ಕೊಡುವುದನ್ನೇ ಅಭ್ಯಾಸ ಎಂದುಕೊಳ್ಳುವುದು. ಎದುರಾಳಿ ಇಲ್ಲದ ಅಭ್ಯಾಸದಿಂದ ಕಾಲು ಕಲಿಯುತ್ತದೆ, ಕಣ್ಣು ಕಲಿಯುವುದಿಲ್ಲ. ಬೂಟು ಹೊಸದಾಗಿ ಹಾಕಿಕೊಂಡವರಿಗೆ ಮೊದಲ ಎರಡು ವಾರ ಇದು ಬೇಕು, ಆಮೇಲೆ ದಿನಕ್ಕೆ ಐದು ನಿಮಿಷಕ್ಕೆ ಇಳಿಸಿ.

ಹಿಂದಕ್ಕೆ ಕೊಟ್ಟವನನ್ನು ಬೈಯುವುದು. ಬದಿಯಲ್ಲಿ ನಿಂತ ಹಳೆಯ ವಿದ್ಯಾರ್ಥಿಗಳಿಗೆ ಹಿಂದಕ್ಕೆ ಹೋದ ಚೆಂಡೆಂದರೆ ಹೇಡಿತನ. ಆದರೆ ಮುಂದಿನ ದಾರಿ ಮುಚ್ಚಿದಾಗ ಹಿಂದಕ್ಕೆ ಕೊಟ್ಟು ಇನ್ನೊಂದು ಬದಿಗೆ ಸಾಗಿಸಿದರೆ ಅಲ್ಲಿ ಜಾಗ ಇರುತ್ತದೆ, ಏಕೆಂದರೆ ಎದುರಾಳಿಗಳೆಲ್ಲ ಈ ಬದಿಗೆ ಬಂದಿರುತ್ತಾರೆ. ಒಮ್ಮೆ ಬೈಸಿಕೊಂಡ ಹುಡುಗ ಮುಂದಿನ ಸಲ ಮುಂದಕ್ಕೇ ಒದೆಯುತ್ತಾನೆ, ತಪ್ಪು ಎಂದು ಗೊತ್ತಿದ್ದರೂ.

ತಂಡದ ಚತುರ ಆಟಗಾರನನ್ನು ಫಾರ್ವರ್ಡ್ ಮಾಡುವುದು. ಒಳ್ಳೆಯ ಕಾಲಿರುವವನು ಗೋಲಿನ ಬಳಿ ಚೆಂಡಿಗಾಗಿ ಕಾಯುತ್ತ ನಿಲ್ಲುತ್ತಾನೆ, ಚೆಂಡನ್ನು ಅಲ್ಲಿಗೆ ತರುವವರೇ ಇರುವುದಿಲ್ಲ. ಅವನನ್ನು ನಡುವೆ ಆಡಿಸಿ, ಬ್ಯಾಕ್‌ಗಳ ಮುಂದೆ. ಒಬ್ಬನನ್ನು ಹೀಗೆ ಹಿಂದೆ ಎಳೆದುಕೊಂಡದ್ದರಿಂದಲೇ ಸರಿಹೋದ ತಂಡಗಳುಂಟು. ಅವನ ಮುನಿಸನ್ನು ಎರಡು ಪಂದ್ಯ ಸಹಿಸಿಕೊಳ್ಳಬೇಕು, ಅಷ್ಟೇ.

ಟಿವಿಯಲ್ಲಿ ಆಟ ನೋಡಿ ಕಲಿಯುತ್ತೇವೆ ಎನ್ನುವುದು. ಕ್ಯಾಮೆರಾ ಚೆಂಡನ್ನೇ ಹಿಂಬಾಲಿಸುತ್ತದೆ. ನೀವು ಕಲಿಯಬೇಕಾದದ್ದು ಚೌಕಟ್ಟಿನ ಹೊರಗಿರುತ್ತದೆ. ಕಾರವಾರದಿಂದ ಮಡಗಾಂವಿಗೆ ರೈಲಿದೆ, ಅಲ್ಲಿ ಫತೋರ್ಡಾ ಕ್ರೀಡಾಂಗಣವಿದೆ. ನೆಲದ ಮೇಲೆ ಚೆಂಡು ಹಂಚಿ ಆಡುವುದಕ್ಕೆ ಹೆಸರಾಗಿದ್ದ ಎಫ್‌ಸಿ ಗೋವಾ 2019–20ರಲ್ಲಿ ಐಎಸ್‌ಎಲ್ ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದದ್ದು ಅದೇ ಶೈಲಿಯಿಂದ. ಒಂದು ಪಂದ್ಯಕ್ಕೆ ತಂಡವಾಗಿ ಹೋಗಿ, ಪ್ರತಿಯೊಬ್ಬರೂ ತಮ್ಮ ಸ್ಥಾನದಲ್ಲಿ ಆಡುವ ಒಬ್ಬನನ್ನೇ ಅರ್ಧ ಪಂದ್ಯ ನೋಡಿ. ಚೆಂಡು ನೋಡಬೇಡಿ. ಅವನು ಎಷ್ಟು ನಡೆಯುತ್ತಾನೆ, ಎಷ್ಟು ಸಲ ಹಿಂದೆ ನೋಡುತ್ತಾನೆ, ಚೆಂಡು ಅವನಿಗೆ ಬಾರದಿದ್ದಾಗಲೂ ಎಷ್ಟು ಸಲ ಜಾಗ ಬದಲಿಸುತ್ತಾನೆ ಎಂದು ಗಮನಿಸಿ.

ಎಚ್ಚರಿಕೆಗಳು

ಚೆಂಡಿನ ಗಾಳಿ. ನಿಯಮದ ಪ್ರಕಾರ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ, ಗಾಳಿಯ ಒತ್ತಡ 8.5ರಿಂದ 15.6 ಪಿಎಸ್‌ಐ. ಸೈಕಲ್ ಅಂಗಡಿಯಲ್ಲಿ ಕಲ್ಲಿನಂತೆ ಗಾಳಿ ತುಂಬಿಸಿ ತಂದರೆ ಗಟ್ಟಿ ನೆಲದಲ್ಲಿ ಅದು ಕಪ್ಪೆಯಂತೆ ನೆಗೆಯುತ್ತದೆ. ಕೆಂಪುಮಣ್ಣಿನಲ್ಲಿ ಅಭ್ಯಾಸಕ್ಕೆ ಒಂಬತ್ತರ ಆಸುಪಾಸು ಸಾಕು. ಅಭ್ಯಾಸಕ್ಕೂ ಪಂದ್ಯಕ್ಕೂ ಬೇರೆ ಬೇರೆ ತೂಕದ ಚೆಂಡು ಬೇಡ. ದಂಡೆಯಲ್ಲಿ ಆಡಿದ ಚೆಂಡನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಉಪ್ಪು ಹೊಲಿಗೆಯನ್ನು ತಿನ್ನುತ್ತದೆ.

ಮೈದಾನದ ಕಲ್ಲು. ಆಟಕ್ಕೆ ಮೊದಲು ಹನ್ನೊಂದು ಜನ ಸಾಲಾಗಿ ನಡೆದು ಹರಳು, ಗಾಜು ಹೆಕ್ಕಿದರೆ ಐದು ನಿಮಿಷದ ಕೆಲಸ. ಗಿಣ್ಣಿನ ಪೆಟ್ಟು ತಪ್ಪುತ್ತದೆ, ಪಾಸೂ ಸುಧಾರಿಸುತ್ತದೆ. ಗಟ್ಟಿ ನೆಲಕ್ಕೆ ಉದ್ದ ಸ್ಟಡ್ಡಿನ ಬೂಟು ಬೇಡ, ಕಾಲು ಹೊರಳುತ್ತದೆ.

ಸೆಕೆ. ಕರಾವಳಿಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಏಪ್ರಿಲ್, ಮೇ, ಅಕ್ಟೋಬರಿನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ನೀರು ಕುಡಿಸಿ. ತಲೆಸುತ್ತು, ವಾಂತಿ ಎಂದವನನ್ನು ಕೂಡಲೇ ನೆರಳಿಗೆ ಕರೆತನ್ನಿ, ಮತ್ತೆ ಆಟಕ್ಕೆ ಇಳಿಸಬೇಡಿ. ಮಾತು ತೊದಲಿದರೆ, ಪ್ರಜ್ಞೆ ಮಸುಕಾದರೆ ಮೈಗೆ ನೀರು ಸುರಿಯುತ್ತಲೇ ಆಸ್ಪತ್ರೆಗೆ ಒಯ್ಯಿರಿ.

ಗುಡುಗು ಮತ್ತು ಅಲೆ. ಮಳೆಗಾಲದ ಮುಂಚೆ, ಹಿಂಗಾರಿನಲ್ಲಿ ಸಂಜೆಯ ಗುಡುಗು ಸಾಮಾನ್ಯ. ಗುಡುಗು ಕಿವಿಗೆ ಬಿತ್ತೆಂದರೆ ಮಿಂಚು ತಲುಪುವ ದೂರದಲ್ಲೇ ನೀವಿದ್ದೀರಿ. ಬಯಲು, ದಂಡೆ, ಒಂಟಿ ತೆಂಗಿನಮರ ಎಲ್ಲ ಬಿಟ್ಟು ಕಟ್ಟಡದೊಳಗೆ ಹೋಗಿ. ಮಳೆಗಾಲದಲ್ಲಿ ಅಲೆಗೆ ಹೋದ ಚೆಂಡಿನ ಹಿಂದೆ ಯಾರೂ ಇಳಿಯಬಾರದು, ಈಜು ಬಲ್ಲವನೂ.

ಪಾಸ್ ಬಿಡಬೇಕಾದ ದಿನ

ಇಷ್ಟು ಹೇಳಿದ ಮೇಲೆ ಒಂದು ಅಪವಾದ. ಮಳೆ ಸುರಿದು ಮೈದಾನದಲ್ಲಿ ನೀರು ನಿಂತಿದ್ದರೆ ನೆಲದ ಪಾಸು ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಥ ದಿನ ‘ನಾವು ಪಾಸಿಂಗ್ ಆಟದವರು’ ಎಂಬ ಜಂಬ ಬೇಡ. ಪಂದ್ಯಕ್ಕೆ ಮುಂಚೆ ಕೀಪರ್ ಮತ್ತು ಇಬ್ಬರು ಬ್ಯಾಕ್‌ಗಳು ಮೈದಾನದಲ್ಲಿ ಚೆಂಡು ಉರುಳಿಸಿ, ಅದು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ನೋಡಿಕೊಳ್ಳಲಿ. ಸಾಮಾನ್ಯವಾಗಿ ಗೋಲಿನ ಮುಂದಿನ ತುಳಿದ ಜಾಗ ಮತ್ತು ನಡುವೃತ್ತದಲ್ಲಿ ನೀರು ನಿಲ್ಲುತ್ತದೆ, ಎರಡು ಬದಿಯ ಹುಲ್ಲು ಆಡಲು ಯೋಗ್ಯವಾಗಿರುತ್ತದೆ. ಬದಿಗಳಲ್ಲಿ ನೆಲದ ಪಾಸ್, ನಡುವೆ ಮೊಣಕಾಲೆತ್ತರದ ಚಿಪ್. ದಂಡೆಯಲ್ಲಿ ಕಲಿತ ಎತ್ತಿ ಹಾಕುವ ವಿದ್ಯೆ ಆ ದಿನ ಬಂಗಾರ. ಚೆಂಡು ಎತ್ತಿ ಹಾಕುವ ಮೊದಲೇ ಅದು ಬೀಳುವ ಜಾಗಕ್ಕೆ ಯಾರು ಓಡಬೇಕು, ಅವನ ತಲೆಗೆ ತಾಗಿ ಚಿಮ್ಮಿದ್ದನ್ನು ಯಾರು ಹೆಕ್ಕಬೇಕು ಎಂದು ಇಬ್ಬರ ಹೆಸರು ಗೊತ್ತುಮಾಡಿ.

ಘಟ್ಟ ಹತ್ತಿ ಧಾರವಾಡದ ಕಡೆ ಆಡಲು ಹೋದರೆ ಇದರ ತಿರುವುಮುರುವು. ಒಣ, ಗಟ್ಟಿ ನೆಲದಲ್ಲಿ ಚೆಂಡು ನಮ್ಮ ಅಂದಾಜಿಗಿಂತ ವೇಗವಾಗಿ ಓಡುತ್ತದೆ. ಮೊದಲ ಹತ್ತು ನಿಮಿಷ ಪಾಸೆಲ್ಲ ಗೆರೆ ದಾಟುತ್ತವೆ. ಸಾಧ್ಯವಾದರೆ ಹಿಂದಿನ ಸಂಜೆಯೇ ಹೋಗಿ ಆ ಮೈದಾನದಲ್ಲಿ ಅರ್ಧ ಗಂಟೆ ವೃತ್ತದಾಟ ಆಡಿ. ಆಗದಿದ್ದರೆ ಪಂದ್ಯದ ಮೊದಲ ಹತ್ತು ನಿಮಿಷ ಹದಿನೈದು ಮೀಟರಿಗಿಂತ ಉದ್ದದ ಪಾಸ್ ಬೇಡವೆಂದು ಒಪ್ಪಂದ ಮಾಡಿಕೊಂಡು ಇಳಿಯಿರಿ.